ಹೆಲ್ತ್ ಚೆಕ್: ಲೋಡ್ ಬ್ಯಾಲೆನ್ಸರ್ ಸರ್ವರ್‌ಗಳಿಗೆ ಕೇಳುವ ಪ್ರಶ್ನೆ

ಜನ ಹೆಚ್ಚು ಬರುವ ವೆಬ್‌ಸೈಟ್ ಒಂದೇ ಸರ್ವರ್ ಮೇಲೆ ನಿಲ್ಲುವುದಿಲ್ಲ. ಒಂದೇ ಅಪ್ಲಿಕೇಶನ್ ಮೂರು, ಹತ್ತು, ಕೆಲವೊಮ್ಮೆ ನೂರಾರು ಸರ್ವರ್‌ಗಳಲ್ಲಿ ಓಡುತ್ತಿರುತ್ತದೆ. ಅವುಗಳ ಮುಂದೆ ನಿಂತು ಬಂದ ರಿಕ್ವೆಸ್ಟ್‌ಗಳನ್ನು ಹಂಚುವುದು ಲೋಡ್ ಬ್ಯಾಲೆನ್ಸರ್. ಸರಿಯಾಗಿ ಹಂಚಬೇಕಾದರೆ ಹಿಂದಿರುವ ಸರ್ವರ್‌ಗಳಲ್ಲಿ ಯಾವುದು ಈಗ ಕೆಲಸ ಮಾಡುವ ಸ್ಥಿತಿಯಲ್ಲಿದೆ, ಯಾವುದು ಇಲ್ಲ ಎಂಬುದು ಅದಕ್ಕೆ ಗೊತ್ತಿರಬೇಕು. ಅದಕ್ಕಾಗಿ ಪ್ರತಿ ಸರ್ವರ್‌ಗೂ ಕೆಲವು ಸೆಕೆಂಡಿಗೊಮ್ಮೆ ಒಂದು ಚಿಕ್ಕ ಪ್ರಶ್ನೆ ಕಳಿಸುತ್ತದೆ. ಇದೇ ಹೆಲ್ತ್ ಚೆಕ್. ಸರಿಯಾದ ಉತ್ತರ ಬರುತ್ತಿರುವವರೆಗೆ ಆ ಸರ್ವರ್‌ಗೆ ಕೆಲಸ ಸಿಗುತ್ತದೆ. ಉತ್ತರ ಸತತವಾಗಿ ತಪ್ಪಿದರೆ ಅದನ್ನು ಪೂಲ್‌ನಿಂದ, ಅಂದರೆ ಕೆಲಸ ಸಿಗುವ ಸರ್ವರ್‌ಗಳ ಗುಂಪಿನಿಂದ, ತೆಗೆಯಲಾಗುತ್ತದೆ, ಸುಧಾರಿಸಿಕೊಂಡ ಮೇಲೆ ಮತ್ತೆ ಸೇರಿಸಿಕೊಳ್ಳಲಾಗುತ್ತದೆ.

ಕಾನ್ಫಿಗರೇಶನ್ ಫೈಲ್‌ನಲ್ಲಿ ಇದು ಎರಡು ಮೂರು ಸಾಲಿನ ಕೆಲಸ. ಆದರೆ ಏನು ಪ್ರಶ್ನೆ ಕೇಳಬೇಕು ಎಂಬುದನ್ನು ಸಾಕಷ್ಟು ಯೋಚಿಸದೆ ಬಿಟ್ಟಿರುವ ಸೆಟಪ್‌ಗಳೇ ಹೆಚ್ಚು. ಸೈಟ್ ಪೂರ್ತಿ ಬಿದ್ದುಹೋಗುವ ಎಷ್ಟೋ ಸಂದರ್ಭಗಳ ಬೇರು ಅಲ್ಲಿರುತ್ತದೆ.

ಅತಿ ಸರಳವಾದ ಪ್ರಶ್ನೆ ಟಿಸಿಪಿ ಚೆಕ್ (ಟಿಸಿಪಿ ಎಂದರೆ ಎರಡು ಕಂಪ್ಯೂಟರ್‌ಗಳ ನಡುವೆ ಕನೆಕ್ಷನ್ ಏರ್ಪಡಿಸುವ ನಿಯಮ). ಲೋಡ್ ಬ್ಯಾಲೆನ್ಸರ್ ಸರ್ವರ್‌ನ ಪೋರ್ಟ್‌ಗೆ ಕನೆಕ್ಟ್ ಆಗಲು ನೋಡುತ್ತದೆ. ಕನೆಕ್ಟ್ ಆದರೆ ಸಾಕು, ಸರ್ವರ್ ಚೆನ್ನಾಗಿದೆ ಎಂದು ಲೆಕ್ಕ. ಪ್ರೋಸೆಸ್ ಸತ್ತುಹೋಗಿದ್ದರೆ ಇದು ಕೂಡಲೇ ಕಂಡುಹಿಡಿಯುತ್ತದೆ. ಪ್ರೋಸೆಸ್ ಬದುಕಿದ್ದು ಹ್ಯಾಂಗ್ ಆಗಿದ್ದರೆ ಮಾತ್ರ ಇದಕ್ಕೆ ಏನೂ ತಿಳಿಯುವುದಿಲ್ಲ. ಇದನ್ನು ನಿಮ್ಮ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲೇ ನೋಡಬಹುದು. ಪೈಥಾನ್ ಜೊತೆ ಬರುವ ಪುಟ್ಟ ವೆಬ್ ಸರ್ವರನ್ನು 8000 ಪೋರ್ಟ್‌ನಲ್ಲಿ ಓಡಿಸಿ. ಕಿಲ್ ಕಮಾಂಡ್ ಬಳಸಿ ಆ ಪ್ರೋಸೆಸ್‌ಗೆ ಸ್ಟಾಪ್ ಸಿಗ್ನಲ್ ಕಳಿಸಿ. ಅದು ಸಾಯುವುದಿಲ್ಲ, ಇದ್ದಲ್ಲೇ ಹೆಪ್ಪುಗಟ್ಟುತ್ತದೆ. ಈಗ ನೆಟ್‌ಕ್ಯಾಟ್ ಕಮಾಂಡ್‌ನಿಂದ ಪೋರ್ಟ್ ಪರೀಕ್ಷಿಸಿದರೆ ಕನೆಕ್ಷನ್ ಆರಾಮಾಗಿ ಆಗುತ್ತದೆ. ಕರ್ಲ್ ಕಮಾಂಡ್‌ನಲ್ಲಿ ಪುಟ ಕೇಳಿದರೆ ಕಾಯುತ್ತಲೇ ಕೂರಬೇಕು. ಕಾರಣ ಇಷ್ಟೇ: ಟಿಸಿಪಿ ಹ್ಯಾಂಡ್‌ಶೇಕ್ (ಕನೆಕ್ಷನ್ ಶುರುವಿನ ಮಾತುಕತೆ) ಮುಗಿಸುವುದು ಅಪ್ಲಿಕೇಶನ್ ಅಲ್ಲ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್. ಕನೆಕ್ಷನ್ ಒಪ್ಪಿಕೊಂಡು ಸಾಲಿನಲ್ಲಿ ನಿಲ್ಲಿಸುವ ಕೆಲಸವನ್ನು ಕರ್ನಲ್ ಮಾಡುತ್ತದೆ, ಆ ಸಾಲು ತುಂಬುವವರೆಗೂ ಮಾಡುತ್ತಲೇ ಇರುತ್ತದೆ. ಗೈರುಹಾಜರಾದವನ ಪರವಾಗಿ ಪಕ್ಕದವನು ‘ಪ್ರೆಸೆಂಟ್ ಸಾರ್’ ಅಂದ ಹಾಗೆ.

ಆದ್ದರಿಂದ ವೆಬ್ ಅಪ್ಲಿಕೇಶನ್ ಆಗಿದ್ದರೆ ಎಚ್‌ಟಿಟಿಪಿ ಚೆಕ್ಕೇ ಬೇಕು. ಹೆಲ್ತ್ ಎಂದೋ ಹೆಲ್ತ್‌ಝಡ್ ಎಂದೋ ಒಂದು ವಿಳಾಸ ಇಟ್ಟು, ಅಲ್ಲಿಗೆ ರಿಕ್ವೆಸ್ಟ್ ಬಂದಾಗ ಅಪ್ಲಿಕೇಶನ್ ಕೋಡೇ ಓಡಿ 200 (ಎಲ್ಲ ಸರಿಯಿದೆ) ಎಂದು ಉತ್ತರ ಕೊಡಬೇಕು. ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ಆ ಕೋಡ್ ಏನೇನು ಪರೀಕ್ಷಿಸಬೇಕು?

ಡೇಟಾಬೇಸ್ ಸಿಗುತ್ತಿದೆಯೇ ಎಂದು ನೋಡಿದರೆ ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಡೇಟಾಬೇಸ್ ಇಲ್ಲದೆ ಅಪ್ಲಿಕೇಶನ್ ಏನು ಮಾಡೀತು? ಆದರೆ ನಡೆಯುವುದನ್ನು ನೋಡಿ. ಹತ್ತು ಸರ್ವರ್‌ಗಳಿಗೂ ಇರುವುದು ಒಂದೇ ಡೇಟಾಬೇಸ್. ಅದು ಅರ್ಧ ನಿಮಿಷ ತಡವರಿಸಿತು ಎನ್ನಿ. ಹತ್ತೂ ಸರ್ವರ್‌ಗಳು ಒಟ್ಟಿಗೇ 503 (ಈಗ ಸೇವೆ ಕೊಡಲಾಗದು) ಅನ್ನುತ್ತವೆ, ಲೋಡ್ ಬ್ಯಾಲೆನ್ಸರ್ ಹತ್ತನ್ನೂ ತೆಗೆದುಹಾಕುತ್ತದೆ. ಡೇಟಾಬೇಸ್ ಬೇಕಿಲ್ಲದ ಪುಟಗಳೂ ಹೋದವು, ಕ್ಯಾಶ್‌ನಿಂದ (ಮೊದಲೇ ಎತ್ತಿಟ್ಟ ಪ್ರತಿಯಿಂದ) ಕೊಡಬಹುದಾಗಿದ್ದದ್ದೂ ಹೋಯಿತು, ‘ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಎಂದು ಮರ್ಯಾದೆಯಿಂದ ಹೇಳಬಹುದಾಗಿದ್ದ ಪುಟವೂ ಹೋಯಿತು. ಜಾವಾದಲ್ಲಿ ಕೆಲಸ ಮಾಡುವವರಿಗೆ ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್‌ನಲ್ಲಿ ಅಪ್ಲಿಕೇಶನ್‌ನ ಸ್ಥಿತಿ ತಿಳಿಸುವ ಆಕ್ಚುಯೇಟರ್ ಗೊತ್ತಿರುತ್ತದೆ. ಅದರ ಮಾಮೂಲಿ ಹೆಲ್ತ್ ವಿಳಾಸ ಡೇಟಾಬೇಸ್ ಕನೆಕ್ಷನ್ನನ್ನೂ ನೋಡುತ್ತದೆ. ಮೇಲ್ ಸರ್ವರ್ ಕಾನ್ಫಿಗರ್ ಮಾಡಿದ್ದರೆ ಅದನ್ನೂ ನೋಡುತ್ತದೆ. ಆ ವಿಳಾಸವನ್ನೇ ಲೋಡ್ ಬ್ಯಾಲೆನ್ಸರ್‌ಗೆ ಕೊಟ್ಟುಬಿಟ್ಟರೆ, ಇಮೇಲ್ ಕಳಿಸುವ ಯಾವುದೋ ಸರ್ವರ್ ಬಿದ್ದದ್ದಕ್ಕೆ ಇಡೀ ಸೈಟ್ ನಿಂತುಹೋಗಬಹುದು. 2020ರಲ್ಲಿ ಬಂದ ಸ್ಪ್ರಿಂಗ್ ಬೂಟ್ 2.3ರಿಂದ ಲೈವ್‌ನೆಸ್ (ಬದುಕಿದೆಯೇ), ರೆಡಿನೆಸ್ (ಕೆಲಸಕ್ಕೆ ಸಿದ್ಧವೇ) ಎಂಬ ಬೇರೆ ವಿಳಾಸಗಳಿವೆ. ಇವು ಹೊರಗಿನ ವ್ಯವಸ್ಥೆಗಳನ್ನು ನಾವಾಗಿ ಸೇರಿಸದ ಹೊರತು ನೋಡುವುದಿಲ್ಲ. ಬಳಸಬೇಕಾದದ್ದು ಇವನ್ನು.

ನಾನು ಹಿಡಿದುಕೊಂಡಿರುವ ಅಳತೆಗೋಲು ಒಂದೇ: ಈ ಒಂದು ಸರ್ವರನ್ನು ಪೂಲ್‌ನಿಂದ ತೆಗೆದರೆ ತೊಂದರೆ ಕಡಿಮೆಯಾಗುತ್ತದೆಯೇ? ಹೌದಾದರೆ ಅದು ಹೆಲ್ತ್ ಚೆಕ್‌ನಲ್ಲಿ ಇರಲಿ. ಅದರದೇ ಡಿಸ್ಕ್ ತುಂಬಿದೆ, ಅದರ ಥ್ರೆಡ್‌ಗಳೆಲ್ಲ ಸಿಕ್ಕಿಕೊಂಡಿವೆ, ಶುರುವಾಗುವಾಗ ಓದಬೇಕಾಗಿದ್ದ ಡೇಟಾ ಇನ್ನೂ ಓದಿಲ್ಲ. ಇವೆಲ್ಲ ಆ ಸರ್ವರ್‌ನ ಸ್ವಂತ ಕಾಯಿಲೆಗಳು. ಡೇಟಾಬೇಸ್ ಬಿದ್ದಿದ್ದರೆ ಯಾವ ಸರ್ವರನ್ನು ತೆಗೆದರೂ ಅಷ್ಟೇ. ಅದನ್ನು ಹೇಳಬೇಕಾದದ್ದು ಮಾನಿಟರಿಂಗ್ ಮೂಲಕ ಮನುಷ್ಯರಿಗೆ, ಲೋಡ್ ಬ್ಯಾಲೆನ್ಸರ್‌ಗೆ ಅಲ್ಲ.

ಇನ್ನು ಅಂಕಿಗಳು. ಎಷ್ಟು ಹೊತ್ತಿಗೊಮ್ಮೆ ಕೇಳಬೇಕು, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು, ಎಷ್ಟು ಸಲ ತಪ್ಪಿದರೆ ತೆಗೆಯಬೇಕು, ಎಷ್ಟು ಸಲ ಸರಿಯಾದರೆ ಮತ್ತೆ ಸೇರಿಸಬೇಕು: ಬಹುತೇಕ ಲೋಡ್ ಬ್ಯಾಲೆನ್ಸರ್‌ಗಳಲ್ಲಿ ಈ ನಾಲ್ಕು ಇರುತ್ತವೆ. ಎಚ್‌ಎ ಪ್ರಾಕ್ಸಿ ಎಂಬ ಲೋಡ್ ಬ್ಯಾಲೆನ್ಸರ್‌ನಲ್ಲಿ ನಾವೇನೂ ಬರೆಯದಿದ್ದರೆ 2 ಸೆಕೆಂಡಿಗೊಮ್ಮೆ ಚೆಕ್, 3 ಸಲ ಸೋತರೆ ಹೊರಗೆ, 2 ಸಲ ಗೆದ್ದರೆ ಒಳಗೆ. ಅಂದರೆ ಸರ್ವರ್ ಕೆಟ್ಟು ಅದು ಪೂಲ್‌ನಿಂದ ಹೋಗುವಷ್ಟರಲ್ಲಿ ಸುಮಾರು 6 ಸೆಕೆಂಡು ಕಳೆದಿರುತ್ತದೆ. ಅಮೆಜಾನ್‌ನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್‌ನಲ್ಲಿ ಸಾಮಾನ್ಯವಾಗಿ ಸಿಗುವುದು 30 ಸೆಕೆಂಡಿನ ಅಂತರ, 5 ಸೆಕೆಂಡಿನ ಟೈಮ್‌ಔಟ್, 2 ಸೋಲಿಗೆ ಹೊರಗೆ, 5 ಗೆಲುವಿಗೆ ಒಳಗೆ. ಇಲ್ಲಿ ಕೆಟ್ಟ ಸರ್ವರ್ ಒಂದು ನಿಮಿಷದವರೆಗೂ ಪೂಲ್‌ನಲ್ಲೇ ಉಳಿಯಬಹುದು. ಮೂರು ಸರ್ವರ್‌ಗಳ ಸೆಟಪ್ ಆದರೆ ಅಷ್ಟು ಹೊತ್ತು ಮೂರರಲ್ಲೊಂದು ರಿಕ್ವೆಸ್ಟ್ ಆ ಕೆಟ್ಟ ಸರ್ವರ್‌ಗೇ ಹೋಗುತ್ತಿರುತ್ತದೆ. ಪೇಮೆಂಟ್ ಪುಟದಲ್ಲಿ ಒಂದು ನಿಮಿಷ ಎಂದರೆ ಎಷ್ಟು ಜನ ಎಂದು ಲೆಕ್ಕ ಹಾಕಿ ಆ 30ನ್ನು ಇಳಿಸಬೇಕು.

ಹಾಗೆಂದು ವಿಪರೀತ ಬಿಗಿ ಮಾಡಿದರೆ ಇನ್ನೊಂದು ಅಪಾಯ ಕಾದಿದೆ. ಫಲಿತಾಂಶದ ದಿನ ಜನ ಮುಗಿಬೀಳುವಂಥ ಸೈಟ್ ಯೋಚಿಸಿ. ಲೋಡ್ ಏರಿದಂತೆ ಸರ್ವರ್‌ಗಳು ನಿಧಾನವಾಗುತ್ತವೆ. ಟೈಮ್‌ಔಟ್ 1 ಸೆಕೆಂಡ್ ಇದ್ದು, ಒಂದೇ ಸೋಲಿಗೆ ಹೊರಗೆ ಹಾಕುವಂತಿದ್ದರೆ, ಕೆಲಸ ಮಾಡುತ್ತಲೇ ಇರುವ ಸರ್ವರ್ ಒಂದು ಚೆಕ್‌ಗೆ ತಡವಾಗಿ ಉತ್ತರಿಸಿದ್ದಕ್ಕೆ ಪೂಲ್‌ನಿಂದ ಹೋಗುತ್ತದೆ. ಅದರ ಪಾಲು ಉಳಿದವುಗಳ ತಲೆಗೆ. ಅವು ಇನ್ನಷ್ಟು ನಿಧಾನವಾಗಿ ಒಂದೊಂದಾಗಿ ಹೋಗುತ್ತವೆ. ಮೊದಲು ಹೋದದ್ದು ಸುಧಾರಿಸಿಕೊಂಡು ವಾಪಸ್ ಬರುತ್ತಲೇ ಇಡೀ ಲೋಡ್ ಅದರ ಮೇಲೆ ಬಿದ್ದು ಮತ್ತೆ ಕುಸಿಯುತ್ತದೆ. ತೆಗೆಯಲು ಕನಿಷ್ಠ 2–3 ಸೋಲು ಬೇಕು ಅನ್ನುವುದು, ವಾಪಸ್ ಬಂದ ಸರ್ವರ್‌ಗೆ ಮೆಲ್ಲಗೆ ಲೋಡ್ ಏರಿಸುವ ಸ್ಲೋ ಸ್ಟಾರ್ಟ್ ಇಡುವುದು ಇದೇ ಕಾರಣಕ್ಕೆ.

ಎಲ್ಲ ಸರ್ವರ್‌ಗಳೂ ಅನ್‌ಹೆಲ್ದಿ ಆದರೆ ಏನು ಮಾಡಬೇಕು ಎಂಬುದರಲ್ಲಿ ಲೋಡ್ ಬ್ಯಾಲೆನ್ಸರ್‌ಗಳ ದಾರಿ ಬೇರೆ ಬೇರೆ. ಎಚ್‌ಎ ಪ್ರಾಕ್ಸಿ 503 ಕೊಟ್ಟು ಕೈಚೆಲ್ಲುತ್ತದೆ. ಅಮೆಜಾನ್‌ನದ್ದು ಚೆಕ್ ಫಲಿತಾಂಶವನ್ನೇ ಬದಿಗಿಟ್ಟು ಎಲ್ಲದಕ್ಕೂ ರಿಕ್ವೆಸ್ಟ್ ಕಳಿಸತೊಡಗುತ್ತದೆ. ಎನ್ವಾಯ್ ಎಂಬ ಇನ್ನೊಂದರಲ್ಲಿ ಆರೋಗ್ಯವಂತ ಸರ್ವರ್‌ಗಳ ಪ್ರಮಾಣ ಶೇ. 50ಕ್ಕಿಂತ ಕೆಳಗಿಳಿದರೇ ಹಾಗಾಗುತ್ತದೆ. ಬಹುತೇಕ ಸೈಟ್‌ಗಳಿಗೆ ಈ ಎರಡನೆಯ ದಾರಿಯೇ ಸರಿ ಎಂದು ನನ್ನ ನಂಬಿಕೆ: ಎಲ್ಲವೂ ಏಕಕಾಲಕ್ಕೆ ಕೆಟ್ಟಿವೆ ಎಂದು ವರದಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ವರದಿಯನ್ನೇ.

ಹೊಸದಾಗಿ ಕಾನ್ಫಿಗರ್ ಮಾಡಿದ ದಿನವೇ ಎಲ್ಲ ಸರ್ವರ್‌ಗಳೂ ಕೆಂಪಾಗಿದ್ದರೆ ಅಪ್ಲಿಕೇಶನ್ ಕೋಡ್ ತಡಕಾಡಲು ಹೋಗಬೇಡಿ. ಹೆಚ್ಚಿನ ಸಲ ಅದು ಹೊರಗಿನ ಕನೆಕ್ಷನ್‌ಗಳನ್ನು ತಡೆಯುವ ಫೈರ್‌ವಾಲ್. ಚೆಕ್‌ಗಳು ಬರುವ ವಿಳಾಸಗಳಿಗೆ ದಾರಿ ಬಿಟ್ಟಿರಬೇಕು: ಗೂಗಲ್ ಕ್ಲೌಡ್‌ನ ಎಚ್‌ಟಿಟಿಪಿ ಲೋಡ್ ಬ್ಯಾಲೆನ್ಸರ್‌ಗೆ 35.191.0.0/16 ಮತ್ತು 130.211.0.0/22, ಅಜೂರ್ ಲೋಡ್ ಬ್ಯಾಲೆನ್ಸರ್‌ಗೆ 168.63.129.16. ಅದೂ ಸರಿಯಿದ್ದರೆ ಸರ್ವರ್‌ನ ಆಕ್ಸೆಸ್ ಲಾಗ್ ತೆರೆದು ಯಾವ ಕೋಡ್ ಹೋಗುತ್ತಿದೆ ನೋಡಿ. 301 (ಬೇರೆ ವಿಳಾಸಕ್ಕೆ ಹೋಗು) ಇದ್ದರೆ ಎಲ್ಲ ರಿಕ್ವೆಸ್ಟ್‌ಗಳನ್ನೂ ಎಚ್‌ಟಿಟಿಪಿಎಸ್‌ಗೆ ತಿರುಗಿಸುವ ನಿಯಮ ಹೆಲ್ತ್ ಚೆಕ್ಕನ್ನೂ ತಿರುಗಿಸುತ್ತಿದೆ. 200 ಬಿಟ್ಟು ಬೇರೇನೂ ಒಪ್ಪದ ಲೋಡ್ ಬ್ಯಾಲೆನ್ಸರ್‌ಗೆ ಅದು ಸೋಲು. 404 (ಪುಟ ಸಿಗಲಿಲ್ಲ) ಇದ್ದರೆ ಚೆಕ್‌ನಲ್ಲಿ ಯಾವ ಸೈಟ್ ಬೇಕೆಂದು ಹೇಳುವ ಹೋಸ್ಟ್ ಹೆಡರ್ ಇಲ್ಲದೆ ಬೇರೆ ಸೈಟ್‌ನ ಬಾಗಿಲಿಗೆ ಹೋಗಿರಬಹುದು. ಲಾಗ್‌ನಲ್ಲಿ ಚೆಕ್‌ನ ಸುಳಿವೇ ಇಲ್ಲವೆಂದರೆ ಮತ್ತೆ ಫೈರ್‌ವಾಲ್‌ಗೇ ಹೋಗಿ.

ಸರ್ವರ್ ಅಪ್‌ಡೇಟ್ ಮಾಡುವಾಗಲೂ ಹೆಲ್ತ್ ಚೆಕ್ ಕೆಲಸಕ್ಕೆ ಬರುತ್ತದೆ. ನೇರವಾಗಿ ಪ್ರೋಸೆಸ್ ನಿಲ್ಲಿಸಿದರೆ ಅರ್ಧದಲ್ಲಿರುವ ರಿಕ್ವೆಸ್ಟ್‌ಗಳು ಕತ್ತರಿಸಿಹೋಗುತ್ತವೆ. ಬದಲಿಗೆ ಹೆಲ್ತ್ ವಿಳಾಸ ಮಾತ್ರ 503 ಕೊಡುವಂತೆ ಮಾಡಿ, ಉಳಿದ ರಿಕ್ವೆಸ್ಟ್‌ಗಳಿಗೆ ಎಂದಿನಂತೆ ಉತ್ತರಿಸುತ್ತಿರಬೇಕು. ಲೋಡ್ ಬ್ಯಾಲೆನ್ಸರ್ ಅದನ್ನು ಗಮನಿಸಿ ಹೊಸ ಕೆಲಸ ಕೊಡುವುದನ್ನು ನಿಲ್ಲಿಸುತ್ತದೆ. ಎಷ್ಟು ಹೊತ್ತು ಕಾಯಬೇಕು ಎಂಬುದು ಮೇಲಿನ ಅಂಕಿಗಳಿಂದಲೇ ಬರುತ್ತದೆ: 2 ಸೆಕೆಂಡಿನ ಅಂತರ, 3 ಸೋಲು ಎಂದಿದ್ದರೆ 6 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಅದರ ಮೇಲೆ ನಿಮ್ಮ ಅತಿ ನಿಧಾನದ ರಿಕ್ವೆಸ್ಟ್ ಮುಗಿಯಲು ಬೇಕಾಗುವಷ್ಟು. ಅಷ್ಟು ಕಾದ ಮೇಲೆ ಪ್ರೋಸೆಸ್ ನಿಲ್ಲಿಸಿ, ಅಪ್‌ಡೇಟ್ ಮಾಡಿ, ಹೆಲ್ತ್ ವಿಳಾಸ ಮತ್ತೆ 200 ಹೇಳಲು ಶುರು ಮಾಡಿತೆಂದು ಕಂಡ ಮೇಲಷ್ಟೇ ಮುಂದಿನ ಸರ್ವರ್‌ಗೆ ಕೈ ಹಾಕಿ.