ಕಂಪ್ಯೂಟರ್ ಸ್ಲೋ ಆಗಿದೆ, ಯಾವ ಆಂಟಿವೈರಸ್ ಹಾಕಲಿ?

ಪ್ರಶ್ನೆ: ಸರ್, ಮನೇಲಿರೋ ಕಂಪ್ಯೂಟರ್ ಈಚೆಗೆ ತುಂಬಾ ಸ್ಲೋ ಆಗಿದೆ. ವೈರಸ್ ಬಂದಿರಬೇಕು. ಆನ್ ಮಾಡಿ ಕಾಫಿ ಕುಡಿದು ಬಂದರೂ ತಿರುಗ್ತಾನೇ ಇರತ್ತೆ. ಯಾವ ಆಂಟಿವೈರಸ್ ಒಳ್ಳೇದು? ದುಡ್ಡು ಕೊಟ್ಟು ತಗೋಬೇಕಾ, ಫ್ರೀ ಇರೋದು ಸಾಕಾ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಫ್ರೀ ಇರೋದು ಸಾಕು, ಅದನ್ನು ಹುಡುಕಿ ಡೌನ್‌ಲೋಡ್ ಮಾಡುವುದೂ ಬೇಡ. ವಿಂಡೋಸ್ 10 ಅಥವಾ 11 ಇದ್ದರೆ ಮೈಕ್ರೋಸಾಫ್ಟ್ ಡಿಫೆಂಡರ್ ಒಳಗೇ ಕೂತಿದೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಅದು ಪೂರ್ತಿ ಆಂಟಿವೈರಸ್. ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿರುವ ಎವಿ-ಟೆಸ್ಟ್ ಎಂಬ ಪ್ರಯೋಗಾಲಯ ರಕ್ಷಣೆ, ವೇಗ, ಬಳಕೆ ಎಂಬ ಮೂರು ವಿಭಾಗಕ್ಕೆ ತಲಾ 6ರಂತೆ 18 ಅಂಕ ಇಟ್ಟು ಇವನ್ನೆಲ್ಲ ಪರೀಕ್ಷಿಸುತ್ತದೆ. ಅಲ್ಲಿ ಡಿಫೆಂಡರ್ ಕೆಲವು ವರ್ಷಗಳಿಂದ 18ಕ್ಕೆ 18 ಅಥವಾ ಅದರ ಆಸುಪಾಸಿನಲ್ಲೇ ಇದೆ. "ಪುಕ್ಕಟೆ ಕೊಡೋದು ಎಷ್ಟು ಕೆಲಸ ಮಾಡೀತು" ಎಂಬ ಅನುಮಾನಕ್ಕೆ ಇಷ್ಟು ಸಾಕು.

ಆದರೆ ಈ ಉತ್ತರದಿಂದ ನಿಮ್ಮ ಕಂಪ್ಯೂಟರ್ ಒಂದು ಸೆಕೆಂಡೂ ಬೇಗ ಆನ್ ಆಗುವುದಿಲ್ಲ. ಯಾಕೆಂದರೆ ಎಡವಟ್ಟು ಇರುವುದು ಪ್ರಶ್ನೆಯ ಎರಡನೇ ವಾಕ್ಯದಲ್ಲಿ. ಸ್ಲೋ ಆಗಿದೆ, ಹಾಗಾದರೆ ವೈರಸ್ ಬಂದಿದೆ. ಈ ಲೆಕ್ಕವನ್ನು ಎಷ್ಟು ಸಲ ಅಳಿಸಿದರೂ ಮತ್ತೆ ಯಾರಾದರೂ ಬಂದು ಬರೆದು ಹೋಗುತ್ತಾರೆ. ಅಂಗಡಿಯವರೂ ಅದನ್ನು ತಿದ್ದುವುದಿಲ್ಲ, ಒಂದು ವರ್ಷದ ಆಂಟಿವೈರಸ್ ಡಬ್ಬಿ ಮಾರಾಟವಾಗುತ್ತದಲ್ಲ! ಬೈಕಿಗೆ ಪಿಕಪ್ ಇಲ್ಲ ಅಂತ ಹೊಸ ಬೀಗ ಕೊಂಡು ತಂದ ಹಾಗೆ.

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್, 2004ರಲ್ಲಿ ಸ್ಯಾಸರ್ ಎಂಬ ವೈರಸ್‌ಗಳು ಬಂದ ಕಾಲದಲ್ಲಿ ಅದು ನಿಜವೇ ಆಗಿತ್ತು. ಇಂಟರ್‌ನೆಟ್ಟಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಆಗಿನ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಪರದೆಯ ಮೇಲೆ 60ರಿಂದ ಕೆಳಕ್ಕೆ ಎಣಿಸಿ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು. ಸೈಬರ್ ಕೆಫೆಯಲ್ಲಿ ಕೂತವರೆಲ್ಲ ಅದನ್ನು ಕಂಡವರೇ. ಆಗಿನ ವೈರಸ್ ಬರೆಯುವವರಲ್ಲಿ ಅನೇಕರಿಗೆ ಬೇಕಿದ್ದದ್ದು ಹೆಸರು, ಗಲಾಟೆ. ಈಗಿನವರಿಗೆ ಬೇಕಾದದ್ದು ದುಡ್ಡು. ದುಡ್ಡಿಗೆ ಬಂದ ಕಳ್ಳ ಸದ್ದು ಮಾಡುವುದಿಲ್ಲ. ರೆಡ್‌ಲೈನ್, ಲುಮ್ಮಾ ತರಹದ ಮಾಹಿತಿ ಕದಿಯುವ ಪ್ರೋಗ್ರಾಂಗಳು ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡುಗಳನ್ನೂ ಲಾಗಿನ್ ಕುಕಿಗಳನ್ನೂ (ನೀವು ಲಾಗಿನ್ ಆಗಿರುವುದನ್ನು ನೆನಪಿಡುವ ಸಣ್ಣ ಫೈಲು) ಹೆಕ್ಕಿ ಹೊರಗೆ ಕಳಿಸಿ ನಿಮಿಷಗಳಲ್ಲಿ ಕೆಲಸ ಮುಗಿಸುತ್ತವೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಕೂಡ ತನ್ನ ಕೆಲಸ ಪೂರೈಸುವ ತನಕ ತುಟಿಪಿಟಕ್ಕೆನ್ನುವುದಿಲ್ಲ. ಅಂದರೆ ವೇಗವಾಗಿ ಓಡುತ್ತಿರುವ ಕಂಪ್ಯೂಟರಿಗೂ ವೈರಸ್ ಬಂದಿರಬಹುದು, ತೆವಳುತ್ತಿರುವುದರಲ್ಲಿ ಏನೂ ಇಲ್ಲದಿರಬಹುದು.

ಹಾಗಾದರೆ ತೆವಳುವುದು ಯಾಕೆ? ಊಹೆ ಬೇಡ, ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ. ಡಿಸ್ಕ್ ಎಂಬಲ್ಲಿ ಎಚ್‌ಡಿಡಿ (ತಿರುಗುವ ಹಾರ್ಡ್‌ಡಿಸ್ಕ್) ಎಂದಿದೆಯೋ ಎಸ್‌ಎಸ್‌ಡಿ (ತಿರುಗುವ ಭಾಗವೇ ಇಲ್ಲದ, ಚಿಪ್ಪಿನ ಡಿಸ್ಕ್) ಎಂದಿದೆಯೋ ನೋಡಿ. ಎಚ್‌ಡಿಡಿ ಎಂದಿದ್ದು, ಆನ್ ಮಾಡಿದ ಮೇಲೆ ಡಿಸ್ಕ್ ಬಳಕೆ ಬಹಳ ಹೊತ್ತು 100% ತೋರಿಸುತ್ತಿದ್ದರೆ ರೋಗ ಸಿಕ್ಕಿತು. ಹಾರ್ಡ್‌ಡಿಸ್ಕಿನೊಳಗೆ ತಟ್ಟೆ ತಿರುಗಬೇಕು, ಮುಳ್ಳು ಅತ್ತಿತ್ತ ಸರಿದು ಫೈಲು ಹುಡುಕಬೇಕು. ಅಲ್ಲಲ್ಲಿ ಚದುರಿದ ಸಣ್ಣ ಫೈಲುಗಳಾದರೆ ಸೆಕೆಂಡಿಗೆ ಸುಮಾರು ನೂರು ಸಲ ಓದುವಷ್ಟೇ ಅದರ ಶಕ್ತಿ. ಸಾಧಾರಣ ಎಸ್‌ಎಸ್‌ಡಿ ಅದೇ ಹೊತ್ತಿನಲ್ಲಿ ಹತ್ತಾರು ಸಾವಿರ ಸಲ ಓದುತ್ತದೆ. ವಿಂಡೋಸ್ ಶುರುವಾಗುವಾಗ ಇಂಥ ಸಣ್ಣ ಫೈಲುಗಳನ್ನು ಸಾವಿರಗಟ್ಟಲೆ ಓದುತ್ತದೆ. ಕಾಫಿ ಕುಡಿಯಲು ಸಮಯ ಸಿಗುವುದು ಅದಕ್ಕೇ.

ಪಕ್ಕದಲ್ಲೇ ಮೆಮೊರಿ ನೋಡಿ, ಅಂದರೆ ತೆರೆದ ಕೆಲಸಗಳನ್ನು ಆ ಹೊತ್ತಿಗೆ ಇಟ್ಟುಕೊಳ್ಳುವ ರ‍್ಯಾಮ್. ವಿಂಡೋಸ್ 11 ನಡೆಯಲು ಕನಿಷ್ಠ 4 ಜಿಬಿ ರ‍್ಯಾಮ್ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ನಡೆಯುತ್ತದೆ, ನಿಜ. ಆದರೆ ಆನ್ ಆಗುವಷ್ಟರಲ್ಲೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚಾಗಿರುತ್ತದೆ. ಮೇಲೆ ಕ್ರೋಮ್‌ನಲ್ಲಿ ಏಳೆಂಟು ಟ್ಯಾಬ್ ತೆರೆದರೆ ಉಳಿದದ್ದೂ ಮುಗಿದು, ಜಾಗ ಸಾಲದ ಭಾಗವನ್ನು ವಿಂಡೋಸ್ ಡಿಸ್ಕಿಗೆ ಬರೆದಿಡುತ್ತದೆ. ಆ ಡಿಸ್ಕೇ ನಿಧಾನದ್ದಾದರೆ ಮುಗಿಯಿತು. ಅದೇ ಪುಟದಲ್ಲಿ "ಸ್ಲಾಟ್ಸ್ ಯೂಸ್ಡ್: 1 ಆಫ್ 2" ಎಂದಿದ್ದರೆ ಇನ್ನೊಂದು ರ‍್ಯಾಮ್ ಹಾಕಲು ಜಾಗ ಇದೆ ಅಂತ. ತರುವ ಮುಂಚೆ ಈಗಿರುವುದು ಯಾವ ತಲೆಮಾರಿನ ರ‍್ಯಾಮ್, ಡಿಡಿಆರ್3 ಅಥವಾ ಡಿಡಿಆರ್4, ಯಾವುದೆಂದು ನೋಡಿಕೊಳ್ಳಿ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಇವೆರಡೂ ಸರಿ ಇದ್ದರೆ ಸ್ಟಾರ್ಟಪ್ ಆ್ಯಪ್ಸ್ ಪಟ್ಟಿ ನೋಡಿ, ದಿನಾ ಬಳಸದಿರುವುದನ್ನೆಲ್ಲ ಡಿಸೇಬಲ್ ಮಾಡಿ. ಸಿ ಡ್ರೈವಿನಲ್ಲಿ ಶೇ. 15ರಷ್ಟಾದರೂ ಖಾಲಿ ಇರಲಿ. ಲ್ಯಾಪ್‌ಟಾಪಿನ ಫ್ಯಾನಿಗೆ ಧೂಳು ಕಟ್ಟಿಕೊಂಡು ಬಿಸಿಯಾದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಅದೂ ವೈರಸ್ ಅಲ್ಲ.

ಈಗ ಇಂಥ ಎಚ್‌ಡಿಡಿ ಕಂಪ್ಯೂಟರಿಗೆ ಹೊಸ ಆಂಟಿವೈರಸ್ ಹಾಕಿದರೆ ಏನಾಗುತ್ತದೆ ಯೋಚಿಸಿ. ಆಂಟಿವೈರಸ್ ಅಂದರೆ ನೀವು ತೆರೆಯುವ ಪ್ರತಿ ಫೈಲನ್ನೂ ನಿಮಗಿಂತ ಮೊದಲು ತಾನು ಓದಿ ನೋಡುವ ಪ್ರೋಗ್ರಾಂ. ಮೊದಲೇ ಓದಲಾರದೆ ಏದುಸಿರು ಬಿಡುತ್ತಿರುವ ಡಿಸ್ಕಿಗೆ ಇನ್ನಷ್ಟು ಓದುವ ಕೆಲಸ. ಅದರಿಂದ ಇನ್ನೂ ಸ್ಲೋ. ಇನ್ನೂ ಸ್ಲೋ ಆಯಿತೆಂದರೆ "ಇದು ಹಿಡಿಯದ ವೈರಸ್ ಇರಬೇಕು" ಅಂತ ಎರಡನೇ ಆಂಟಿವೈರಸ್! ಎರಡೂ ಒಂದೇ ಫೈಲಿಗೆ ಒಟ್ಟಿಗೆ ಕೈ ಹಾಕುತ್ತವೆ, ಒಂದು ಬೇರ್ಪಡಿಸಿ ಇಟ್ಟಿದ್ದನ್ನು ಇನ್ನೊಂದು ವೈರಸ್ ಎಂದು ಕೂಗುತ್ತದೆ, ಕೆಲವೊಮ್ಮೆ ನೀಲಿ ಪರದೆ ಬರುತ್ತದೆ. ಬೇರೆ ಆಂಟಿವೈರಸ್ ಬಂದರೆ ಡಿಫೆಂಡರ್ ತಾನೇ ಮರ್ಯಾದೆಯಿಂದ ಪಕ್ಕಕ್ಕೆ ಸರಿಯುತ್ತದೆ. ಹೊರಗಿನಿಂದ ತಂದ ಎರಡು ಹಾಗೆ ಸರಿಯುವುದಿಲ್ಲ. ಮನೆಗೆ ಒಂದೇ ಸಾಕು.

ಎಚ್‌ಡಿಡಿಯ ರೋಗಕ್ಕೆ ಮದ್ದು ಅದನ್ನು ತೆಗೆದು ಎಸ್‌ಎಸ್‌ಡಿ ಹಾಕುವುದು, ಅದು ದೊಡ್ಡ ಕೆಲಸವೇನಲ್ಲ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಳೆಯ ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕಿನ ಜಾಗದಲ್ಲೇ ಕೂರುತ್ತದೆ, ಮನೆ ಬಳಕೆಗೆ 256 ಜಿಬಿ ಸಾಕು. ಮೊದಲು ಫೋಟೊ, ದಾಖಲೆಗಳನ್ನು ಬೇರೆ ಕಡೆ ನಕಲು ಮಾಡಿಡಿ. ಅಸಲಿ ವಿಂಡೋಸ್ ಆದರೆ ಅದರ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಹೊಸ ಡಿಸ್ಕಿಗೆ ಅದೇ ಆವೃತ್ತಿ ಹಾಕಿ ಇಂಟರ್‌ನೆಟ್ ಕೊಟ್ಟರೆ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಒಂದು ಅಪವಾದವನ್ನು ಒಪ್ಪಿಕೊಳ್ಳಬೇಕು. ನಿಮ್ಮ ಕರೆಂಟಿನಲ್ಲಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಮಾಡುವ ಮೈನರ್ ಎಂಬ ಜಾತಿ ಕಂಪ್ಯೂಟರನ್ನು ನಿಜವಾಗಿ ನಿಧಾನ ಮಾಡುತ್ತದೆ. ಅದರಲ್ಲೂ ಕೆಲವು ಜಾಣತನದವು ಟಾಸ್ಕ್ ಮ್ಯಾನೇಜರ್ ತೆರೆದ ತಕ್ಷಣ ಕೆಲಸ ನಿಲ್ಲಿಸಿ ಸುಮ್ಮನಾಗುತ್ತವೆ. ಏನೂ ಮಾಡದಿದ್ದರೂ ಫ್ಯಾನ್ ಗರ್ರನೆ ತಿರುಗುತ್ತಿದ್ದು, ಟಾಸ್ಕ್ ಮ್ಯಾನೇಜರ್ ತೆರೆದರೆ ತಣ್ಣಗಾಗುತ್ತಿದ್ದರೆ ಅನುಮಾನಪಡಿ. ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಇದೆ. ತೆರೆದ ಕೆಲಸ ಸೇವ್ ಮಾಡಿ ಅದನ್ನು ಒತ್ತಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ಹುಡುಕುತ್ತದೆ. ವಿಂಡೋಸ್ ಪೂರ್ತಿ ಏಳುವ ಮೊದಲೇ ನಡೆಯುವ ತಪಾಸಣೆಯಾದ್ದರಿಂದ ಬಚ್ಚಿಟ್ಟುಕೊಳ್ಳುವುದು ಕಷ್ಟ.

ಮೂಲ ಪ್ರಶ್ನೆಗೆ ಬಂದರೆ, ಡಿಫೆಂಡರ್ ಇದೆ ಎಂದರೆ ಸಾಲದು, ಆನ್ ಇದೆಯೇ ನೋಡಬೇಕು. ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಅಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್. ರಿಯಲ್-ಟೈಮ್, ಕ್ಲೌಡ್-ಡೆಲಿವರ್ಡ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರಬೇಕು. ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್‌ನ ರೆಪ್ಯುಟೇಶನ್ ಸೆಟ್ಟಿಂಗ್ಸ್‌ನಲ್ಲಿ ಬೇಡದ ಆ್ಯಪ್ ತಡೆಯುವ ಆಯ್ಕೆಯನ್ನೂ ಆನ್ ಮಾಡಿ. ರ‍್ಯಾನ್ಸಮ್‌ವೇರ್ ವಿರುದ್ಧದ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಮಾತ್ರ ಮೊದಲಿಗೆ ಆಫ್ ಇರುತ್ತದೆ. ಆನ್ ಮಾಡಿದರೆ ಕೆಲವು ಹಳೆಯ ತಂತ್ರಾಂಶಗಳಿಗೆ ಡಾಕ್ಯುಮೆಂಟ್ಸ್‌ನಲ್ಲಿ ಸೇವ್ ಮಾಡಲು ಬಿಡುವುದಿಲ್ಲ. ಗಾಬರಿಯಾಗಬೇಡಿ, ಅಲ್ಲೇ ಆ ತಂತ್ರಾಂಶಕ್ಕೆ ಅನುಮತಿ ಕೊಡಬಹುದು.

ಮನೆಯ ಸ್ವಂತ ಕಂಪ್ಯೂಟರಿನಲ್ಲಿ "ಈ ಸೆಟ್ಟಿಂಗ್ ನಿಮ್ಮ ಅಡ್ಮಿನಿಸ್ಟ್ರೇಟರ್ ನಿರ್ವಹಣೆಯಲ್ಲಿದೆ" ಎಂಬರ್ಥದ ಇಂಗ್ಲಿಷ್ ಸಾಲು ಕಂಡು ಸ್ವಿಚ್ ಅಲ್ಲಾಡದಿದ್ದರೆ? ಅಡ್ಮಿನಿಸ್ಟ್ರೇಟರ್ ನೀವೇ ಅಲ್ಲವೇ! ಯಾರೋ ಕ್ರ್ಯಾಕ್ (ಲೈಸೆನ್ಸ್ ಇಲ್ಲದ ಕಳ್ಳ) ವಿಂಡೋಸ್ ಹಾಕುವಾಗ ಡಿಫೆಂಡರನ್ನು ಕಟ್ಟಿಹಾಕಿ ಹೋಗಿರುವ ಸಾಧ್ಯತೆ ಹೆಚ್ಚು. "ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ" ಎಂದು ಹೇಳುವ, ಕಳ್ಳ ವಿಂಡೋಸನ್ನು ಅಸಲಿಯಂತೆ ಮಾಡುವ ಆ್ಯಕ್ಟಿವೇಟರುಗಳೇ ಮನೆ ಕಂಪ್ಯೂಟರಿಗೆ ಕಾಟ ಬರುವ ಹೆಬ್ಬಾಗಿಲು. ಅಂಥದ್ದರಲ್ಲಿ ಸ್ಕ್ಯಾನ್ ಮಾಡುತ್ತ ಕೂರಬೇಡಿ, ಫೋಟೊ, ದಾಖಲೆಗಳನ್ನು ತೆಗೆದಿಟ್ಟು ವಿಂಡೋಸ್ ಹೊಸದಾಗಿ ಹಾಕಿ.

ದುಡ್ಡು ಕೊಡಲೇಬೇಕೆಂದರೆ ಕಾರಣ ಇರಲಿ: ಮಕ್ಕಳ ಮೇಲೆ ನಿಗಾ ಇಡುವ ಸೌಲಭ್ಯ, ಐದಾರು ಸಾಧನಗಳಿಗೆ ಒಂದೇ ಲೈಸೆನ್ಸ್, ಫೋನ್ ಮಾಡಿದರೆ ಉತ್ತರಿಸುವ ಜನ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ಅಂಗಡಿಗಳಲ್ಲಿ ಸಿಗುತ್ತವೆ. ಯಾವುದೇ ಆದರೂ ಎವಿ-ಟೆಸ್ಟ್ ಮತ್ತು ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಫಲಿತಾಂಶ ನೋಡಿ, ಎರಡನೇ ವರ್ಷದ ನವೀಕರಣ ಬೆಲೆ ಕೇಳಿಯೇ ಕೊಳ್ಳಿ. ಹೊರಗಿನ ಫ್ರೀ ಆಂಟಿವೈರಸ್ ಬಗ್ಗೆ ಎಚ್ಚರ ಇರಲಿ. ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಅವಾಸ್ಟ್ ತನ್ನ ಅಂಗಸಂಸ್ಥೆ ಜಂಪ್‌ಶಾಟ್ ಮೂಲಕ ಮಾರುತ್ತಿದ್ದದ್ದು 2020ರಲ್ಲಿ ಬಯಲಾಯಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿತು. ಹೊಸ ಲ್ಯಾಪ್‌ಟಾಪಿನ ಜೊತೆ ಬಂದು ಅವಧಿ ಮುಗಿದ ಆಂಟಿವೈರಸ್ ಇದ್ದರೆ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ, ಡಿಫೆಂಡರ್ ಎದ್ದಿದೆಯೇ ಖಚಿತಪಡಿಸಿಕೊಳ್ಳಿ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲಿರುವ ತೂತುಗಳನ್ನು, ಅಂದರೆ ಕಳ್ಳರು ಒಳನುಗ್ಗಲು ದಾರಿಯಾಗುವ ದೋಷಗಳನ್ನು, ಎಂಥ ಆಂಟಿವೈರಸ್ಸೂ ಮುಚ್ಚುವುದಿಲ್ಲ. 2017ರ ಮೇ ತಿಂಗಳ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ದಾಳಿ ನುಗ್ಗಿದ್ದು ಮೈಕ್ರೋಸಾಫ್ಟ್ ಅದೇ ಮಾರ್ಚ್‌ನಲ್ಲಿ ಮುಚ್ಚಲು ಅಪ್‌ಡೇಟ್ ಕೊಟ್ಟಿದ್ದ ತೂತಿನಿಂದ. ಅಪ್‌ಡೇಟ್ ಮಾಡದವರು ಸಿಕ್ಕಿಬಿದ್ದರು.

ಕೇಳದಿದ್ದರೂ ಇನ್ನೊಂದು ವಿಷಯ, ಯಾಕೆಂದರೆ ಮುಂದಿನ ತಿಂಗಳು ಇದನ್ನೇ ಕೇಳುತ್ತೀರಿ. ಜೆರಾಕ್ಸ್ ಅಂಗಡಿಗೆ ಕೊಟ್ಟು ತಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ, ಮೂಲೆಯಲ್ಲಿ ಸಣ್ಣ ಬಾಣದ ಗುರುತು ಕಾಣುತ್ತದೆ. ಫೈಲುಗಳು ಸಾಮಾನ್ಯವಾಗಿ ಹೋಗಿರುವುದಿಲ್ಲ, ವೈರಸ್ ಅವನ್ನು ಅಡಗಿಸಿ ಇಟ್ಟಿರುತ್ತದೆ. ಆ ಬಾಣದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ನಿಮ್ಮ ಫೋಲ್ಡರೂ ತೆರೆಯುತ್ತದೆ, ಹಿಂದೆ ವೈರಸ್ಸೂ ಓಡುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ಮುಟ್ಟಬೇಡಿ. ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್ ಒತ್ತಿ. ವಿಂಡೋಸ್ 11ರಲ್ಲಿ ಅದು ಕಾಣದಿದ್ದರೆ ಶೋ ಮೋರ್ ಆಪ್ಷನ್ಸ್ ಒಳಗೆ ಇರುತ್ತದೆ. ಫುಲ್ ಸ್ಕ್ಯಾನ್ ಮಾಡಿದೆನಲ್ಲ ಎನ್ನಬೇಡಿ, ಬೇರೆ ಸೆಟ್ಟಿಂಗ್ ಮಾಡಿರದಿದ್ದರೆ ಅದು ಪೆನ್‌ಡ್ರೈವನ್ನು ನೋಡುವುದೇ ಇಲ್ಲ. ಆಮೇಲೆ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ. ಆಗಲೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಸಿಸ್ಟಂ ಫೈಲ್ ಅಡಗಿಸುವ ಟಿಕ್ ತೆಗೆಯಿರಿ. ಎಷ್ಟೋ ಸಲ ಹೆಸರೇ ಇಲ್ಲದ ಒಂದು ಫೋಲ್ಡರ್ ಕಾಣುತ್ತದೆ, ನಿಮ್ಮ ಫೈಲೆಲ್ಲ ಅದರೊಳಗೆ. ಬೇಕಾದ ಫೋಟೊ, ಪಿಡಿಎಫ್ ಮಾತ್ರ ಕಂಪ್ಯೂಟರಿಗೆ ನಕಲು ಮಾಡಿಕೊಂಡು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ, ತೆಗೆದ ಟಿಕ್ ಮತ್ತೆ ಹಾಕಿ.

ಅಂಗಡಿಗೆಂದೇ ಒಂದು ಚಿಕ್ಕ ಪೆನ್‌ಡ್ರೈವ್ ಬೇರೆ ಇಟ್ಟುಕೊಳ್ಳಿ. ಅದರಲ್ಲಿ ಪ್ರಿಂಟ್ ಆಗಬೇಕಾದ ಪಿಡಿಎಫ್ ಬಿಟ್ಟು ಬೇರೇನೂ ಇರಬಾರದು, ಮನೆಗೆ ತಂದರೆ ಫಾರ್ಮ್ಯಾಟ್ ಮಾಡಿಯೇ ಮುಂದಿನ ಕೆಲಸ. ಆಧಾರ್ ಪ್ರಿಂಟ್ ಬೇಕಿದ್ದರೆ, ಕೇಳಿದ ಕಚೇರಿ ಒಪ್ಪುವುದಾದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಒಯ್ಯಿರಿ, ಅಂಗಡಿಯ ಕಂಪ್ಯೂಟರಿನಲ್ಲಿ ಅದರ ಪ್ರತಿ ಉಳಿದರೂ ಪೂರ್ತಿ ಸಂಖ್ಯೆ ಉಳಿಯುವುದಿಲ್ಲ.