ಮಿತ್ರ ‘ಬರುತ್ತೇನೆ’ ಅಂದ, ಯಾವ ದಾರಿಯಲ್ಲಿ?

ನಾಟಿ ಕಾಲದ ಮುಯ್ಯಾಳಿನ ಲೆಕ್ಕ ಸಲೀಸು. ಪಕ್ಕದವರು ಎರಡು ಆಳು ಕಳಿಸಿದರೆ ನಾವೂ ಎರಡು ಆಳು ಕಳಿಸಬೇಕು. ತಪ್ಪಿದರೆ ಮುಂದಿನ ಮಳೆಗಾಲಕ್ಕೆ ನಮ್ಮ ಗದ್ದೆಗೆ ಯಾರೂ ಇಳಿಯುವುದಿಲ್ಲ. ದೇಶಗಳ ನಡುವಿನ ಸೈನಿಕ ಒಪ್ಪಂದವೂ ಇಷ್ಟೇ ಅಂದುಕೊಂಡವರು, ಯುದ್ಧದ ಹೊತ್ತಿಗೆ ಮಿತ್ರ ಹಿಂದೆ ಸರಿದರೆ ಮಾತಿಗೆ ತಪ್ಪಿದ ಅನ್ನುತ್ತಾರೆ. ಬಹಳ ಸಲ ಅವನು ಅಂಥ ಮಾತನ್ನೇ ಕೊಟ್ಟಿರುವುದಿಲ್ಲ.

ಒಪ್ಪಂದ ಕೈಗೆ ಬಂದರೆ ಮೊದಲು ಕ್ರಿಯಾಪದ ನೋಡಬೇಕು. ಅಮೆರಿಕ ಮತ್ತು ಯುರೋಪಿನ ದೇಶಗಳ ಸೈನಿಕ ಕೂಟವಾದ ನ್ಯಾಟೋದ 1949ರ ಒಪ್ಪಂದದ 5ನೇ ವಿಧಿ, ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅನ್ನುತ್ತದೆ, ನಿಜ. ಆದರೆ ಆಮೇಲೆ ಪ್ರತಿ ಸದಸ್ಯ ದೇಶ ಮಾಡಬೇಕಾದ್ದು ‘ತನಗೆ ಅಗತ್ಯವೆಂದು ತೋರಿದ ಕ್ರಮ’. ಫಿರಂಗಿ ಕಳಿಸುವುದೂ ಕ್ರಮವೇ, ಔಷಧಿ ಪೆಟ್ಟಿಗೆ ಕಳಿಸುವುದೂ ಕ್ರಮವೇ. ಅದಕ್ಕೆ ಒಂದು ವರ್ಷ ಮುಂಚೆ ಬ್ರಿಟನ್, ಫ್ರಾನ್ಸ್ ಮುಂತಾದ ಯುರೋಪಿನ ದೇಶಗಳಷ್ಟೇ ಮಾಡಿಕೊಂಡ ಬ್ರಸೆಲ್ಸ್ ಒಪ್ಪಂದದಲ್ಲಿ ‘ಶಕ್ತಿಯಲ್ಲಿರುವ ಎಲ್ಲ ಸೈನಿಕ ನೆರವು’ ಎಂಬ ಬಿಗಿ ಮಾತಿತ್ತು. ಯುದ್ಧಕ್ಕೆ ತಾನಾಗಿಯೇ ಕಟ್ಟಿಹಾಕುವ ಮಾತನ್ನು ಅಮೆರಿಕದ ಸೆನೆಟ್ ಒಪ್ಪುತ್ತಿರಲಿಲ್ಲ, ಅದಕ್ಕೇ ಗಂಟು ಸಡಿಲವಾಯಿತು.

ಆಮೇಲೆ ನೋಡಬೇಕಾದ್ದು, ಜಗಳ ತೆಗೆದವರು ಯಾರು ಅನ್ನುವುದು. 1914ರಲ್ಲಿ ಜರ್ಮನಿ, ಆಸ್ಟ್ರಿಯಾಗಳ ಮಿತ್ರನಾಗಿದ್ದ ಇಟಲಿ ತಟಸ್ಥವಾಗಿ ಕೂತದ್ದು ಇದೇ ಎಳೆ ಹಿಡಿದು: ನಮ್ಮದು ರಕ್ಷಣೆಯ ಒಪ್ಪಂದ, ಸರ್ಬಿಯಾದ ಮೇಲೆ ಯುದ್ಧ ಸಾರಿದವರು ಆಸ್ಟ್ರಿಯಾದವರು, ನಮ್ಮನ್ನು ಕೇಳಲೂ ಇಲ್ಲ. ಮರುವರ್ಷ ಮೇ ತಿಂಗಳಲ್ಲಿ ಇಟಲಿ ಎದುರು ಪಾಳೆಯವನ್ನೇ ಸೇರಿತು.

ಕಾಗದ ದಾಟಿದರೆ ಸಿಗುವುದು ಕಚೇರಿಯ ಪದ್ಧತಿ. ನ್ಯಾಟೋದಲ್ಲಿ ಮತ ಎಣಿಸುವುದಿಲ್ಲ. ಪ್ರಧಾನ ಕಾರ್ಯದರ್ಶಿ ಒಂದು ಕರಡು ಸುತ್ತಿಸಿ ಇಂಥ ದಿನ ಇಂಥ ಗಂಟೆ ಎಂದು ಗಡುವು ಇಡುತ್ತಾರೆ. ಅಷ್ಟರೊಳಗೆ ಯಾರೂ ಬರೆದು ಆಕ್ಷೇಪಿಸದಿದ್ದರೆ ಒಪ್ಪಿಗೆ ಎಂದೇ ಅರ್ಥ. 2003ರ ಫೆಬ್ರವರಿ 10ರಂದು ಫ್ರಾನ್ಸ್, ಜರ್ಮನಿ, ಬೆಲ್ಜಿಯಂ ಈ ಮೌನ ಮುರಿದವು. ಇರಾಕ್ ಯುದ್ಧ ಶುರುವಾದರೆ ಟರ್ಕಿಯನ್ನು ಕಾಯುವ ಯೋಜನೆಗೆ ಈಗಲೇ ತಲೆಯಾಡಿಸಿದರೆ ಯುದ್ಧಕ್ಕೇ ತಲೆಯಾಡಿಸಿದಂತೆ ಎಂಬುದು ಅವರ ವಾದ. ಆರೇ ದಿನದಲ್ಲಿ ಗಂಟು ಬಿಚ್ಚಿದ್ದು ಮನವೊಲಿಕೆಯಿಂದಲ್ಲ, ಕೋಣೆ ಬದಲಿಸಿ! ನ್ಯಾಟೋದ್ದೇ ಆದ ರಕ್ಷಣಾ ಯೋಜನಾ ಸಮಿತಿಯಲ್ಲಿ ಫ್ರಾನ್ಸ್ 1966ರಿಂದಲೂ ಇರಲಿಲ್ಲ. ಕಡತ ಅಲ್ಲಿಗೆ ಹೋಯಿತು, ಉಳಿದಿಬ್ಬರು ಒಪ್ಪಿದರು.

ಮಿತ್ರನ ನಿಜವಾದ ‘ಒಲ್ಲೆ’ ಸಭೆಯಲ್ಲಿ ಕೇಳಿಸುವುದು ಕಡಿಮೆ. ಅದು ಸಿಗುವುದು ದಾರಿಯಲ್ಲಿ. ಅದೇ ವರ್ಷ ಮಾರ್ಚ್ 1ರಂದು ಟರ್ಕಿಯ ಸಂಸತ್ತಿನಲ್ಲಿ, 62,000 ಅಮೆರಿಕನ್ ಸೈನಿಕರಿಗೆ ನೆಲ ಬಿಡುವ ನಿರ್ಣಯದ ಪರ 264, ವಿರುದ್ಧ 250, ತಟಸ್ಥ 19. ಪರವಾಗಿಯೇ ಹೆಚ್ಚು ಮತ ಬಿದ್ದಿದ್ದರೂ, ಹಾಜರಿದ್ದವರ ಅರ್ಧಕ್ಕಿಂತ ಹೆಚ್ಚು ಅಂದರೆ 267 ಬೇಕಿತ್ತು. ಮೂರು ಮತದ ಕೊರತೆಗೆ ಒಂದಿಡೀ ಡಿವಿಜನ್ನಿನ ಸಾಮಾನು ಹೊತ್ತ ಹಡಗುಗಳು ಸೂಯೆಜ್ ಕಾಲುವೆ ದಾಟಿ ಕುವೈತಿಗೆ ಸುತ್ತಿಹೋದವು. 1986ರಲ್ಲಿ ಲಿಬಿಯಾದ ಮೇಲೆ ಬಾಂಬು ಹಾಕಲು ಬ್ರಿಟನ್ನಿನಿಂದ ಹೊರಟ ಅಮೆರಿಕನ್ ವಿಮಾನಗಳಿಗೆ ಫ್ರಾನ್ಸ್, ಸ್ಪೇನ್ ಆಕಾಶ ಬಿಡಲಿಲ್ಲ. ಸ್ಪೇನ್, ಪೋರ್ಚುಗಲ್‌ಗಳನ್ನು ಹೊರಗಿನಿಂದ ಸುತ್ತಿಕೊಂಡು, ದಾರಿಯುದ್ದಕ್ಕೂ ಗಾಳಿಯಲ್ಲೇ ಇಂಧನ ತುಂಬಿಕೊಂಡು, ಹೋಗಿಬರಲು ಸುಮಾರು 13 ಗಂಟೆ ಹಿಡಿಯಿತು. ದುಡ್ಡಿನ ಹಗ್ಗ ಇನ್ನೂ ಗಟ್ಟಿ. 1956ರಲ್ಲಿ ಅಮೆರಿಕಕ್ಕೆ ತಿಳಿಸದೆ ಈಜಿಪ್ಟಿನ ಸೂಯೆಜ್‌ಗೆ ನುಗ್ಗಿದ ಬ್ರಿಟನ್ನಿಗೆ, ಪೌಂಡ್ ಕುಸಿಯುತ್ತಿದ್ದಾಗ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲು ಅಮೆರಿಕದ ಒಪ್ಪಿಗೆಯಿಲ್ಲದೆ ತೆರೆಯಲಿಲ್ಲ. ನವೆಂಬರ್ 6ಕ್ಕೆ ಕದನ ವಿರಾಮ.

ಆದರೂ ನನ್ನ ಲೆಕ್ಕದಲ್ಲಿ ‘ಆಗಲ್ಲ’ ಅನ್ನುವ ಮಿತ್ರ ವಾಸಿ. ಕಷ್ಟ ಕೊಡುವವನು ‘ಬರುತ್ತೇನೆ’ ಎಂದು ಬೇರೆ ದಾರಿ ಹಿಡಿಯುವವನು. ಇದಕ್ಕೆ ದೂರ ಹೋಗಬೇಕಿಲ್ಲ, ಶಿವಮೊಗ್ಗದ ತುಂಗೆಯ ದಡ ಸಾಕು. 1790ರ ಜೂನ್‌ನಲ್ಲಿ ಪುಣೆಯಲ್ಲಿ, ಜುಲೈನಲ್ಲಿ ಪಾನಗಲ್ಲಿನಲ್ಲಿ ಒಪ್ಪಂದವಾಗಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ, ಮರಾಠರು, ನಿಜಾಮ ಮೂವರೂ ಟಿಪ್ಪುವಿನ ವಿರುದ್ಧ ಕೂಡಿದ್ದರು. ಗೆದ್ದ ನೆಲ ಸಮಪಾಲು ಎಂಬ ಷರತ್ತಿತ್ತು. 1791ರ ಡಿಸೆಂಬರ್ ಕೊನೆಯಲ್ಲಿ ಪರಶುರಾಮ ಭಾವೂನ ಮರಾಠಾ ಸೈನ್ಯ, ಕ್ಯಾಪ್ಟನ್ ಲಿಟ್ಲ್‌ನ ಮುಂಬಯಿ ಸಿಪಾಯಿಗಳ ಜತೆ ಇಲ್ಲಿ ಟಿಪ್ಪುವಿನ ದಂಡನ್ನು ಸೋಲಿಸಿತು; ಜನವರಿ ಮೊದಲಲ್ಲಿ ಕೋಟೆಯೂ ಬಿತ್ತು. ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಯೋಜನೆಯ ಪ್ರಕಾರ ಭಾವೂ ದಕ್ಷಿಣಕ್ಕೆ ಇಳಿದು, ಕೊಡಗಿನ ಕಡೆಯಿಂದ ಬರುವ ಕಂಪನಿಯ ಜನರಲ್ ಅಬರ್‌ಕ್ರಾಂಬಿಯನ್ನು ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಕೂಡಬೇಕು. ಅವನು ತಿರುಗಿದ್ದು ಪಶ್ಚಿಮಕ್ಕೆ, ಬಿದನೂರಿಗೆ; ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರಕ್ಕೆ. ಕೆಳದಿ ಅರಸರ ಕಾಲದಿಂದ ಸಿರಿವಂತಿಕೆಗೆ ಹೆಸರಾದ ಸೀಮೆ ಅದು. ಜನವರಿ ಅಲ್ಲೇ ಕಳೆಯಿತು, ನಗರವೂ ದಕ್ಕಲಿಲ್ಲ. ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ದಾಳಿ ನಡೆದಾಗ ಭಾವೂ ಇರಲಿಲ್ಲ. ಅವನು ತಲುಪುವ ಹೊತ್ತಿಗೆ ಕದನವೇ ನಿಂತಿತ್ತು. ಇದನ್ನು ಬರೀ ದುರಾಸೆ ಎಂದು ತಳ್ಳಿಹಾಕುವಂತಿಲ್ಲ. ಟಿಪ್ಪು ಬಗ್ಗಬೇಕು, ಆದರೆ ಪೂರ್ತಿ ಅಳಿಯಬಾರದು, ಅಳಿದರೆ ಇಂಗ್ಲಿಷರಿಗೆ ತಡೆಯೇ ಇಲ್ಲ ಎಂಬ ಎಣಿಕೆ ಪುಣೆಯಲ್ಲಿತ್ತು. 1799ರಲ್ಲಿ, ಟಿಪ್ಪುವಿನ ಕೊನೆಯ ಯುದ್ಧದಲ್ಲಿ, ಮರಾಠರು ಕಣಕ್ಕೇ ಇಳಿಯಲಿಲ್ಲ.

ಇದೇ ನಗರಕ್ಕೆ ಇನ್ನೊಂದು ಬಗೆಯ ಮಿತ್ರನೂ ಗೊತ್ತು. 1783ರ ಏಪ್ರಿಲ್ ಕೊನೆಯಲ್ಲಿ ಕಂಪನಿಯ ಜನರಲ್ ಮ್ಯಾಥ್ಯೂಸ್‌ನಿಂದ ಕೋಟೆಯನ್ನು ಮರಳಿ ಪಡೆದ ಟಿಪ್ಪು, ಫ್ರೆಂಚರೊಂದಿಗೆ ಘಟ್ಟ ಇಳಿದು ಮಂಗಳೂರಿಗೆ ಮುತ್ತಿಗೆ ಹಾಕಿದ. ಫ್ರಾನ್ಸ್ ಮತ್ತು ಬ್ರಿಟನ್ ಜನವರಿಯಲ್ಲೇ ಯುರೋಪಿನಲ್ಲಿ ಸಂಧಿಯ ಪ್ರಾಥಮಿಕ ಕರಾರಿಗೆ ಸಹಿ ಹಾಕಿಯಾಗಿತ್ತು; ಸುದ್ದಿ ಹಡಗಿನಲ್ಲಿ ಬರುತ್ತಿತ್ತು. ಅದು ಮಳೆಗಾಲದ ನಡುವೆ ಮುಟ್ಟಿದಾಗ ಕೋಸಿನ್ಯಿ ಎಂಬ ಅಧಿಕಾರಿಯ ಕೈಕೆಳಗಿದ್ದ ಫ್ರೆಂಚರು ಮುತ್ತಿಗೆಯ ಕೆಲಸ ಬಿಟ್ಟು ಹೊರಟರು. ಟಿಪ್ಪು ಅಲ್ಲೇ ಕೂತ. ಮಂಗಳೂರಿನ ಕೋಟೆ ಕೈಗೆ ಬಂದದ್ದು 1784ರ ಜನವರಿ ಕೊನೆಗೆ.