ಗೋವಾ ನಮ್ಮದೇ, ಆದರೆ ಸೇನೆ ನುಗ್ಗಿಸಿದ್ದು?

ಡಿಸೆಂಬರ್ 19 ಹತ್ತಿರ ಬಂದರೆ ಕಾರವಾರದ ಕೋರ್ಟ್ ಆವರಣದಲ್ಲಿ ಚಹಾದ ಜೊತೆ ಗೋವಾ ವಿಮೋಚನೆಯ ಮಾತೂ ಬರುತ್ತದೆ. ಗಡಿ ಇಲ್ಲೇ ಪಕ್ಕದಲ್ಲಿ, ನೆಂಟರೂ ಅಲ್ಲಿದ್ದಾರೆ. 1961ರಲ್ಲಿ ಪೋರ್ಚುಗೀಸರ ಕೈಯಲ್ಲಿದ್ದ ಗೋವಾಕ್ಕೆ ಭಾರತ ಸೇನೆ ನುಗ್ಗಿಸಿದ್ದು ಕಾನೂನುಬದ್ಧವೇ ಎಂದು ಕಿರಿಯ ವಕೀಲರು ಕೇಳಿದರೆ ಹಿರಿಯರಿಗೆ ಸಿಟ್ಟು. "ನಮ್ಮ ನೆಲ ನಾವು ತಗೊಂಡ್ವಿ, ಅದರಲ್ಲಿ ಕೇಳೋದೇನು?"

ಕೇಳೋದು ಇದೆ. ಜಮೀನು ನಿಮ್ಮದೇ ಇರಬಹುದು, ಪಹಣಿಯಲ್ಲಿ ನಿಮ್ಮ ಹೆಸರೇ ಇರಬಹುದು. ಹಾಗಂತ ಜನ ಕರೆದುಕೊಂಡು ಹೋಗಿ ಅಲ್ಲಿ ಕೂತವನನ್ನು ಎಬ್ಬಿಸುವಂತಿಲ್ಲ. ಎಬ್ಬಿಸಿದರೆ ಆತ ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ದಾವೆ ಹಾಕಿ ಕಬ್ಜೆ ವಾಪಸ್ ಪಡೆಯಬಹುದು. ಮಾಲೀಕ ಯಾರು ಅನ್ನೋದನ್ನು ಕೋರ್ಟ್ ಆ ದಾವೆಯಲ್ಲಿ ನೋಡುವುದೇ ಇಲ್ಲ.

ದೇಶಗಳ ವಿಷಯದಲ್ಲೂ ಹಕ್ಕಿನ ಪ್ರಶ್ನೆ ಬೇರೆ, ಬಲಪ್ರಯೋಗದ ಪ್ರಶ್ನೆ ಬೇರೆ. ವಿಶ್ವಸಂಸ್ಥೆ ಸನ್ನದಿನ 2(4)ನೇ ವಿಧಿ ಬಲಪ್ರಯೋಗ ಕೂಡದು ಎನ್ನುತ್ತದೆ. ಅದಕ್ಕಿರುವ ವಿನಾಯಿತಿ ಎರಡೇ: ಭದ್ರತಾ ಮಂಡಳಿಯ ಅನುಮತಿ, ಇಲ್ಲವೇ ಸಶಸ್ತ್ರ ದಾಳಿಯಾದಾಗ 51ನೇ ವಿಧಿಯ ಆತ್ಮರಕ್ಷಣೆ.

ಆತ್ಮರಕ್ಷಣೆಗೆ ಸಾಕ್ಷ್ಯ ನಮ್ಮ ಕಡಲಲ್ಲೇ ಇತ್ತು. ಅಂಜುದೀವ್ ದ್ವೀಪ ಇರುವುದು ಕಾರವಾರದ ಎದುರು. ಆಗ ಅದು ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿನ ಸೈನಿಕರು 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ ಮೀನುಗಾರರ ದೋಣಿಯ ಮೇಲೂ ಹಾರಿಸಿದರು. ಒಬ್ಬ ಮೀನುಗಾರ ಸತ್ತ. ಅನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ದ್ವೀಪದಿಂದ ಬಂದ ಗುಂಡಿಗೆ ಗೋವಾ, ದಮನ್, ದಿಯು ಮೂರನ್ನೂ ತೆಗೆದುಕೊಳ್ಳಬಹುದಾ? ಆತ್ಮರಕ್ಷಣೆಗೂ ಒಂದು ಅಳತೆ ಇದೆ. ನಾನು ಎದುರು ಪಕ್ಷದ ವಕೀಲನಾಗಿದ್ದರೆ ಮೊದಲು ಹಿಡಿಯುತ್ತಿದ್ದದ್ದು ಇದನ್ನೇ.

ಭಾರತಕ್ಕೂ ಇದರ ಅಂದಾಜು ಇತ್ತು ಅನ್ನಿಸುತ್ತದೆ. ಡಿಸೆಂಬರ್ 18ರಂದು ಭದ್ರತಾ ಮಂಡಳಿಯಲ್ಲಿ ನಮ್ಮ ಪ್ರತಿನಿಧಿ ಸಿ.ಎಸ್. ಝಾ ಜಾಸ್ತಿ ಒತ್ತು ಕೊಟ್ಟಿದ್ದು ವಸಾಹತುಶಾಹಿಯ ಮೇಲೆ. ಗೋವಾ ಭಾರತದ್ದೇ ಭಾಗ, 1510ರಲ್ಲಿ ಕಸಿದುಕೊಂಡವರಿಗೆ ಅಲ್ಲಿ ಹಕ್ಕಿಲ್ಲ ಎಂಬ ವಾದ. ಸನ್ನದು ಇರಲಿ ಬಿಡಲಿ ಇದು ನಮ್ಮ ನಂಬಿಕೆ ಎಂದೂ ಹೇಳಿಬಿಟ್ಟರು! ಕಕ್ಷಿದಾರನ ಪರ ನಾನಾದರೆ ಆ ಮಾತು ಆಡುತ್ತಿರಲಿಲ್ಲ.

ಸೇನೆ ವಾಪಸ್ ಹೋಗಲಿ ಎಂಬ ನಿರ್ಣಯಕ್ಕೆ 7 ಮತ ಪರ, 4 ವಿರುದ್ಧ. ಸೋವಿಯತ್ ವೀಟೊದಿಂದ ಅದು ಬಿದ್ದುಹೋಯಿತು. ಇದನ್ನೇ ಒಪ್ಪಿಗೆ ಎಂದು ಓದುವವರಿದ್ದಾರೆ. ಅದು ತಪ್ಪು. ಎದುರಿನವರಿಗೆ ತಡೆಯಾಜ್ಞೆ ಸಿಗಲಿಲ್ಲ, ಅಷ್ಟೇ.

ಹಾಗಾಗಿ ನನ್ನ ಅಭಿಪ್ರಾಯ: ಗೋವಾ ನಮಗೆ ಬರಬೇಕಿತ್ತು, ಮಾತುಕತೆಗೆ ಪೋರ್ಚುಗಲ್ ವರ್ಷಗಟ್ಟಲೆ ಜಗ್ಗಲೇ ಇಲ್ಲ. ಆದರೂ ಸನ್ನದಿನ ಅಕ್ಷರ ಹಿಡಿದು ನೋಡಿದರೆ ಆ ದಿನದ ಕೇಸು ದುರ್ಬಲ. ಲಿಸ್ಬನ್‌ನಲ್ಲಿ ಸರ್ವಾಧಿಕಾರ ಬಿದ್ದ ಮೇಲೆ, 1974ರ ಡಿಸೆಂಬರ್ 31ರ ಒಪ್ಪಂದದಲ್ಲಿ ಪೋರ್ಚುಗಲ್ ಭಾರತದ ಸಾರ್ವಭೌಮತ್ವ ಒಪ್ಪಿಕೊಂಡಿತು. ಮಾಲೀಕತ್ವದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಬಲಪ್ರಯೋಗದ ಪ್ರಶ್ನೆಯನ್ನು ಮಾತ್ರ ಯಾವ ಅಂತರರಾಷ್ಟ್ರೀಯ ನ್ಯಾಯಾಲಯವೂ ತೀರ್ಮಾನಿಸಿಲ್ಲ.